ಹದಿನೇಳನೇ ನಂಬರಿನ ಟೊಮ್ಯಾಟೊ

ಏಪ್ರಿಲ್ 9, ಬೆಳಿಗ್ಗೆ 6.30

ನೀರು ಹಾಕಿದ್ದಾಯಿತು. ಹನ್ನೊಂದು ಕುಂಡ, ತಲಾ ಎರಡು ಚೊಂಬು. ಬೇಡದ ಚಿಗುರು ಚಿವುಟಿದೆ. ಬೆರಳಿಗೆ ಹಸಿರು ವಾಸನೆ, ಸೋಪಿಗೂ ಜಗ್ಗದು. ಈ ಅರ್ಧ ಗಂಟೆ ಮಾತ್ರ ಊರಿನ ಗಲಾಟೆ, ಕರ್ಫ್ಯೂ, ಬೀಗ ಬಿದ್ದ ಕಾರ್ಖಾನೆ ಎಲ್ಲ ಬೇರೆ ಯಾರದೋ ತಾಪತ್ರಯ ಅನಿಸುತ್ತದೆ.

ಒಂದು ತಕರಾರು. ನಿನ್ನೆ ಕಂಡ ಮೂರು ಕೆಂಪು ಹಣ್ಣು ಇಂದಿಲ್ಲ. ಹಕ್ಕಿಯಾದರೆ ಕುಕ್ಕಿದ ಗುರುತಿರಬೇಕು. ಇಲ್ಲಿ ತೊಟ್ಟು ನೀಟಾಗಿ ಕತ್ತರಿಸಿದೆ. ಕತ್ತರಿಯಲ್ಲಿ...

ಮಹಡಿಯ ಮೋಟು ಗೋಡೆಯಾಚೆ ಯಾರ ಮನೆ? ದರ್ಜಿಯದು.

ಏಪ್ರಿಲ್ 10

ಆರೋಪಿಯ ಪೂರ್ವಾಪರ: ಹದಿನೆಂಟು ವರ್ಷದ ಗೆಳೆಯ. ನನ್ನ ಪ್ಯಾಂಟುಗಳ ಸೊಂಟ ಬಿಚ್ಚಿ ಬಿಚ್ಚಿ ಅಗಲ ಮಾಡುತ್ತ, ನನ್ನ ಹೊಟ್ಟೆಯ ಇತಿಹಾಸವನ್ನು ನನಗಿಂತ ಚೆನ್ನಾಗಿ ಬಲ್ಲವನು. ಮೊದಲ ಟೊಮ್ಯಾಟೊ ಬೀಜ ಕೊಟ್ಟವನೂ ಅವನೇ. ಬೀಜಕ್ಕೆಂದು ಬಿಡುವ ಹಣ್ಣಿಗೆ ಕೆಂಪು ದಾರ ಕಟ್ಟಬೇಕೆಂದು ಕಲಿಸಿದವನೂ ಅವನೇ.

ಊರು ಎರಡು ಪಾಲಾಗಿ ಗಲಾಟೆ ಶುರುವಾದ ದಿನ ಗೋಡೆಯಾಚೆಯಿಂದ ಕೇಳಿದ: "ನೀವು ಯಾವ ಕಡೆ, ಮಹಾರಾಯರೇ?"

"ಮೊದಲು ನಿಮ್ಮದು ಹೇಳಿ," ಅಂದೆ.

ಇಬ್ಬರೂ ಹೇಳಲಿಲ್ಲ. ಮೂರು ವಾರವಾಯಿತು. ಮಾತಿಲ್ಲ.

ಇಪ್ಪತ್ತಾರು ವರ್ಷ ಉಗ್ರಾಣ ಕಾದವನು ನಾನು. ನಂಬರಿಲ್ಲದ ವಸ್ತು ವಸ್ತುವೇ ಅಲ್ಲ. ಮಾರ್ಕರ್ ಪೆನ್ನಿನಿಂದ ಪ್ರತಿ ಹಣ್ಣಿನ ಮೇಲೂ ಬರೆದೆ, 1ರಿಂದ 23. ದೊಡ್ಡದು 17. ಅದಕ್ಕೆ ಕೆಂಪು ದಾರ.

ಹೆಂಡತಿ ನೋಡಿದಳು. "ರೀ, ಹಾಗೇ ಒಂದೊಂದು ಫೋಟೋ ತೆಗೆಸಿ ಗುರುತಿನ ಚೀಟಿನೂ ಮಾಡಿಸಿಬಿಡಿ."

ಏಪ್ರಿಲ್ 13, ಸಂಜೆ

4, 9, 12 ನಾಪತ್ತೆ.

ಬೆಳಿಗ್ಗೆ ಏಳರಿಂದ ಒಂದರವರೆಗೆ ನೀರಿನ ಟ್ಯಾಂಕಿನ ಹಿಂದೆ ಕಾವಲು. ದರ್ಜಿ ಬಂದ. ತನ್ನ ಬೆಂಡೆ ಗಿಡಗಳಿಗೆ ನೀರು ಹಾಕಿದ. ನಾಲ್ಕು ಕಾಯಿ ಕೊಯ್ದ. ಕೆಮ್ಮಿದ. ಹೋದ. ಅಷ್ಟೊಂದು ನಿರಪರಾಧಿಯಂತೆ ಕಾಣುವವನು ನಿರಪರಾಧಿಯಾಗಿರಲು ಸಾಧ್ಯವೇ ಇಲ್ಲ.

ಊಟಕ್ಕೆ ಎಳೆ ಬೆಂಡೆಕಾಯಿ. ಎರಡು ಸಲ ಹಾಕಿಸಿಕೊಂಡೆ. ಈ ಕಾಲದಲ್ಲೂ ಇಂಥದ್ದು ಸಿಗುತ್ತಲ್ಲ ಅಂದೆ.

"ಸಿಗುತ್ತೆ. ಗೊತ್ತಿರಬೇಕು ಅಷ್ಟೆ," ಅಂದಳು.

ಕಣ್ಣು ಎಳೆಯಿತು. ಎದ್ದಾಗ ನಾಲ್ಕು ಗಂಟೆ. ಮಹಡಿಗೆ ಓಡಿದೆ — 17 ಇಲ್ಲ. ದಾರವೂ ಇಲ್ಲ.

ಏಪ್ರಿಲ್ 18

ಐದು ದಿನ ಬರೆಯಲು ಮನಸ್ಸಾಗಲಿಲ್ಲ. ಹಣ್ಣು ಹೋದರೆ ಹೋಗಲಿ. ಆದರೆ ದಾರದ ಅರ್ಥ ಗೊತ್ತಿರುವವನೇ ಕಿತ್ತನಲ್ಲ. ಹದಿನೆಂಟು ವರ್ಷ ಸುಳ್ಳೇ?

ಗೋಡೆಯ ಹತ್ತಿರ ನಿಂತು, ಯಾರಿಗೂ ಅಲ್ಲವೆಂಬಂತೆ ಜೋರಾಗಿ ಅಂದೆ: "ಬೀಜದ ಹಣ್ಣನ್ನೂ ಬಿಡಲಿಲ್ಲವಲ್ಲ, ಪುಣ್ಯಾತ್ಮರು."

ಮೂರು ದಿನದಿಂದ ಅವನ ಸುಳಿವಿಲ್ಲ. ಬೆಂಡೆ ಗಿಡಗಳು ತಲೆ ಬಗ್ಗಿಸಿವೆ. ತಲೆಮರೆಸಿಕೊಂಡಿದ್ದಾನೆ.

ಏಪ್ರಿಲ್ 19, ಮಧ್ಯಾಹ್ನ

ತಟ್ಟೆಯಲ್ಲಿ ಬೆಂಡೆಕಾಯಿ ಇಲ್ಲ. ಯಾಕೆ ಅಂದೆ.

"ಬೆಳೆಯೋರಿಗೆ ಜ್ವರ."

"ಯಾರಿಗೆ?"

"ಪತ್ತೇದಾರರೇ, ತರಕಾರಿ ಅಂಗಡಿ ಬಾಗಿಲು ತೆಗೆದು ಎಷ್ಟು ದಿನ ಆಯ್ತು? ನೀವು ತಿಂದ ಬೆಂಡೆಕಾಯಿ ಆಕಾಶದಿಂದ ಉದುರಿತಾ? ನೀವು ಗೊರಕೆ ಹೊಡೆಯೋ ಹೊತ್ತಲ್ಲಿ ದರ್ಜಿ ಹೆಂಡತಿ ಗೋಡೆ ಹತ್ರ ಬರ್ತಾಳೆ. ಅವಳು ಬೆಂಡೆಕಾಯಿ ಕೊಡ್ತಾಳೆ, ನಾನು ಟೊಮ್ಯಾಟೊ ಕೊಡ್ತೀನಿ. ಗಂಡಸರು ಮಾತು ಬಿಟ್ರೆ ನಾವು ಊಟ ಬಿಡಬೇಕಾ?"

"ಕತ್ತರಿ?"

"ಅವಳೇ ಕೊಟ್ಟಿದ್ದು."

"ಹದಿನೇಳು?"

ಅವಳು ಮೊದಲ ಸಲ ಮುಖ ತಗ್ಗಿಸಿದಳು. "ಜ್ವರಕ್ಕೆ ಬಾಯಿ ಕೆಟ್ಟಿದೆ, ಏನೂ ಸೇರ್ತಿಲ್ಲ ಅಂದಳು. ದೊಡ್ಡದು ನೋಡಿ ಕೊಟ್ಟುಬಿಟ್ಟೆ. ದಾರ ಎಲೆ ಅಡಿಗಿತ್ತು ರೀ, ಕಾಣಲಿಲ್ಲ."

ಊರನ್ನೆಲ್ಲ ಅನುಮಾನಿಸಿದೆ. ತಟ್ಟೆಯೊಂದನ್ನು ಬಿಟ್ಟು.

ಅದೇ ದಿನ, ಸಂಜೆ 5

ಗೋಡೆ ದಾಟಿದೆ. ಬೆಂಡೆಗೆ ತಲಾ ಎರಡು ಚೊಂಬು. ದಾಟುವಾಗ ಪ್ಯಾಂಟು ಚರ್ ಅಂದಿತು.

ಏಪ್ರಿಲ್ 20

ಎರಡು ಚೊಂಬು.

ಏಪ್ರಿಲ್ 21

ಎರಡು ಚೊಂಬು. ಬೆಂಡೆ ತಲೆ ಎತ್ತಿದೆ. ನಾನಿನ್ನೂ ಇಲ್ಲ.

ಏಪ್ರಿಲ್ 23, ಬೆಳಿಗ್ಗೆ 7

ದರ್ಜಿ ಗೋಡೆಯ ಹತ್ತಿರ ನಿಂತಿದ್ದ. ಶಾಲು ಹೊದ್ದು, ಅರ್ಧಕ್ಕೆ ಇಳಿದು ಹೋಗಿದ್ದ.

"ನನ್ನ ಗಿಡಗಳಿಗೆ ಯಾರೋ ಕದ್ದು ನೀರು ಹಾಕ್ತಿದ್ದಾರೆ. ನಿಮಗೆ ಯಾರ ಮೇಲಾದ್ರೂ ಅನುಮಾನ?"

"ಇದೆ. ದೊಡ್ಡ ಹೊಟ್ಟೆಯ ಆಸಾಮಿ. ಪ್ಯಾಂಟು ಹರಿದಿದೆ."

ನಗುತ್ತ ಕೆಮ್ಮಿದ. ಮಡಿಸಿದ ಬಟ್ಟೆಯ ತುಂಡೊಂದನ್ನು ಚಾಚಿದ. ಒಳಗೆ ತೊಳೆದು ಒಣಗಿಸಿದ ಬೀಜ. ಮೂಲೆಯಲ್ಲಿ ನನ್ನದೇ ಕೆಂಪು ದಾರದಲ್ಲಿ ಹೊಲಿದ ಅಂಕಿ: 17.

"ಬಾಯಿಗಿಡೋ ಮುಂಚೆ ದಾರ ಕಂಡೆ. ತಿರುಳು ಮಾತ್ರ ತಿಂದೆ, ಮಹಾರಾಯರೇ."

ಮೊನ್ನೆ ಗೋಡೆಗೆ ಅಂದ ಮಾತು ಕೇಳಿಸಿತ್ತೇ ಎಂದು ಕೇಳುವ ಧೈರ್ಯ ಬರಲಿಲ್ಲ. ಕೇಳಿಸಿತ್ತು. ಮುಖ ಹೇಳುತ್ತಿತ್ತು.

"ಈ ಬೀಜದ ಕುಂಡ ಎಲ್ಲಿಡೋಣ?" ಅಂದ.

"ಗೋಡೆ ಮೇಲೆ," ಅಂದೆ.

ಹಳೆಯ ಪ್ರಶ್ನೆಯನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಚೆಯಿಂದ ಕೂಗುತ್ತಿದ್ದಾನೆ — ಹರಿದ ಪ್ಯಾಂಟು ತರಬೇಕಂತೆ. ಅಳತೆ ಟೇಪು ಬೇರೆ ಹಿಡಿದಿದ್ದಾನೆ. ಹೊಟ್ಟೆ ಒಳಗೆಳೆದುಕೊಂಡು ಹೋಗಿ ನಿಲ್ಲಬೇಕು.