ಎದ್ದು ನಿಂತ ರೋಗಿಯ ಔಷಧಿ ನಿಲ್ಲಿಸಿದವರಿಗೆ

ಮನೆಯಲ್ಲೇ ಪಡೆಯುವ ಚಿಕಿತ್ಸೆಗೆ ಮಂಜೂರಾತಿ ಕೊಡುವ, ಕೊಟ್ಟದ್ದನ್ನು ಕಿತ್ತುಕೊಳ್ಳುವ ಸಿಂಹಾಸನದಲ್ಲಿ ವಿರಾಜಮಾನರಾದ ಮಾನ್ಯ ಅಧಿಕಾರಿಗಳೇ, ಪರಾಕು!

ಕಾಪುವಿನ ನನ್ನ ನೆರೆಯವ ಲಿಗೋರಿಯ ಔಷಧಿಯನ್ನು ತಾವು ರದ್ದು ಮಾಡಿದ್ದೀರಿ. ಅವನ ಅಪರಾಧ? ತಮ್ಮ ಪರಿಶೀಲಕರು ಮನೆಗೆ ಬಂದಾಗ ಎದ್ದು ನಿಂತದ್ದು!

ಲಿಗೋರಿಯ ಹೃದಯ ಸೋತಿದೆ. ಅದಕ್ಕೆ ಬಲ ಕೊಡುವ ಔಷಧಿ ತೋಳಿನ ರಕ್ತನಾಳದ ಮೂಲಕ ಹಗಲಿರುಳು ಇಳಿಯುತ್ತಲೇ ಇರಬೇಕು. ಸೊಂಟದ ಚೀಲದಲ್ಲಿ ಪುಟ್ಟ ಪಂಪು, ಫ್ರಿಜ್ಜಿನಲ್ಲಿ ಬಂಗುಡೆ ಮೀನಿಗಿಂತ ಮೇಲಿನ ಅಂತಸ್ತಿನಲ್ಲಿ ಔಷಧಿ. ಇದರಿಂದ ಗುಣವಾಗುವುದಿಲ್ಲ, ಆದರೆ ಇರುವಷ್ಟು ಕಾಲ ಆಸ್ಪತ್ರೆಯ ಬದಲು ಮನೆಯಲ್ಲಿರಬಹುದು ಎಂದು ಮಣಿಪಾಲದ ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಅವನು ಸಾಮ್ರಾಜ್ಯ ಕೇಳಲಿಲ್ಲ ಪ್ರಭೂ, ತನ್ನ ಜಗಲಿ ಕೇಳಿದ.

ತಮ್ಮ ಪರಿಶೀಲಕರು ಬರುವ ಸುದ್ದಿ ತಿಳಿದದ್ದೇ ತಡ, ಇಸ್ತ್ರಿ ಮಾಡಿದ ಅಂಗಿ ಹೊರಬಂತು. ಮನೆಗೆ ಬಂದವರಿಗೆ ಟ್ಯೂಬು, ಪಂಪು ತೋರಿಸುವುದೇ? ಛೇ! ಎಲ್ಲವೂ ಅಂಗಿಯೊಳಗೆ ಹೋಯಿತು. ಜಗಲಿಯಲ್ಲಿದ್ದ ನಾನು ಕಣ್ಣಾರೆ ಕಂಡೆ.

"ರೋಗಿ ಎಲ್ಲಿದ್ದಾರೆ?" ಎಂದರು ತಮ್ಮವರು.

"ನಾನೇ ಸರ್! ಕುಳಿತುಕೊಳ್ಳಿ. ಆನಿ, ಬೆಲ್ಲ ನೀರು ತಾ!"

ಅವರು ಕುಳಿತುಕೊಳ್ಳಲಿಲ್ಲ. ಅತಿಥಿ ನಿಂತಿರುವಾಗ ಲಿಗೋರಿ ಕುಳಿತಾನೇ? ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದ.

"ಉಸಿರಾಟ ಹೇಗುಂಟು?"

"ಫಸ್ಟ್ ಕ್ಲಾಸ್ ಸರ್!"

ಅವರ ಜೀಪು ತಿರುಗಿದ್ದೇ ಲಿಗೋರಿ ಕುರ್ಚಿಯಲ್ಲಿ ಕುಸಿದ. "ಎಂತ ಮಾರಾಯ ನಿನ್ನ ನಾಟಕ?" ಎಂದು ಗದರಿದೆ. "ಬಿಸಿಲಲ್ಲಿ ಬಂದವರಲ್ವಾ? ಅವರ ಮುಂದೆ ನರಳುವುದು ಹೇಗೆ?" ಎಂದು ಏದುಸಿರಲ್ಲೇ ಹೇಳಿದ. ಅವನ ಹೆಂಡತಿ ಆನಿಬಾಯಿ ಮುಟ್ಟದೇ ಉಳಿದ ಬೆಲ್ಲ ನೀರು ಎತ್ತುತ್ತಾ, "ಆಯುಷ್ಯವಿಡೀ ನಾಟಕದಲ್ಲಿ ರಾಜನ ಪಾರ್ಟು ಮಾಡಿದವರು. ರೋಗಿಯ ಪಾರ್ಟು ಇವರಿಗೆ ಬರುವುದಿಲ್ಲ" ಎಂದರು.

ತಮಗೆ ಹೋದ ವರದಿ: "ರೋಗಿ ನಿಂತರು, ನಕ್ಕರು. ಔಷಧಿ ಅನಗತ್ಯ." ಭಲೇ! ಪೆಟ್ರೋಮ್ಯಾಕ್ಸ್ ಚೆನ್ನಾಗಿ ಉರಿಯುತ್ತಿದೆ, ಆದ್ದರಿಂದ ಸೀಮೆಎಣ್ಣೆ ಬೇಡ ಎಂದು ನಮ್ಮ ನಾಟಕ ತಂಡದಲ್ಲಿ ಯಾರಾದರೂ ಹೇಳಿದ್ದರೆ ಅವನನ್ನು ಪರದೆ ಎಳೆಯುವುದಕ್ಕೂ ಇಟ್ಟುಕೊಳ್ಳುತ್ತಿರಲಿಲ್ಲ. ತಮ್ಮ ಇಲಾಖೆಯಲ್ಲಿ ಅವನು ಪರಿಶೀಲಕ! ಔಷಧಿ ಕೆಲಸ ಮಾಡುತ್ತಿರುವುದೇ ಔಷಧಿ ನಿಲ್ಲಿಸಲು ಸಾಕ್ಷಿಯಾದರೆ, ಹೆಣಗಳಿಗೆ ಮಾತ್ರ ಮಂಜೂರಾತಿಯೇ?

ವಿಚಾರಿಸಲು ತಮ್ಮ ಕಚೇರಿಗೂ ಬಂದಿದ್ದೆ. "ಒಂದೋ ಮಲಗಿದ ರೋಗಿ, ಇಲ್ಲ ಗುಣವಾದವರು. ನಡುವೆ ಎಂತ ಉಂಟು?" ಎಂದರು ಮೇಜಿನ ಹಿಂದಿದ್ದವರು.

"ನಡುವೆ ಪಂಪು ಉಂಟು!" ಎಂದೆ. ಧ್ವನಿ ತುಸು ಏರಿರಬಹುದು. ರಾಕ್ಷಸನ ಪಾರ್ಟಿನವನು ನಾನು, ಪಿಸುಗುಟ್ಟಿ ಅಭ್ಯಾಸವಿಲ್ಲ.

ಫ್ರಿಜ್ಜಿನಲ್ಲಿ ಉಳಿದಿರುವುದು ಔಷಧಿಯ ಕೊನೆಯ ಕೆಲವು ಚೀಲಗಳು. ಅವು ಮುಗಿದರೆ ಅವನಿಗೆ ಮತ್ತೆ ಆಸ್ಪತ್ರೆಯ ಹಾಸಿಗೆ. ಅದೂ ಅಲ್ಲಿಯವರೆಗೆ ತಲುಪಿದರೆ. ಅಷ್ಟರೊಳಗೆ ರದ್ದತಿಯ ಆದೇಶ ಹಿಂತೆಗೆಯಿರಿ. ವೈದ್ಯರ ಮಾತಿನ ಮೇಲೆ ನಂಬಿಕೆಯಿಲ್ಲವಾದರೆ ಖುದ್ದು ತಾವೇ ದಯಮಾಡಿಸಿ. ಒಂದೇ ಬಿನ್ನಹ: ತಾವು ಬಂದರೂ ಅವನು ಎದ್ದು ನಿಲ್ಲುತ್ತಾನೆ. ಆಗ ಪೆನ್ನು ತೆಗೆಯಬೇಡಿ. ಬೇಗ ಕುಳಿತುಬಿಡಿ. ತಾವು ಕುಳಿತರೆ ಮಾತ್ರ ಅವನು ಕುಳಿತಾನು.

ಇಂತಿ,
ರಂಗದ ಮೇಲೆ ಅವನ ಕತ್ತಿಗೆ ಮತ್ತೆಮತ್ತೆ ಸತ್ತು, ಈಗ ಅವನ ಉಸಿರಿಗಾಗಿ ತಮ್ಮ ಬಾಗಿಲಲ್ಲಿ ನಿಂತಿರುವ
ಜನಾರ್ದನ, ಕಾಪು