ಕಾಲು ತಾಗಿದ ಕಂಪ್ಯೂಟರ್

ಬೆಸ್ಟ್ (ಡಚ್ಚರ ಈ ಊರಿನ ಹೆಸರೇ ಅದು), ಶುಕ್ರವಾರ

ಸೋದರತ್ತೆಗೆ ನಮಸ್ಕಾರ.

ನಲವತ್ತೊಂದಕ್ಕೆ ಕಾಲೇಜಾ ಎಂದು ನಕ್ಕಿರಲ್ಲ, ಕೇಳಿ. ಇಲ್ಲಿನ ಕಸುಬು ಕಲಿಸುವ ಕಾಲೇಜಿನಲ್ಲಿ ಕಂಪ್ಯೂಟರ್ ರಿಪೇರಿ ಕಲಿಯುತ್ತಿದ್ದೇನೆ. ಜೊತೆಯವರೆಲ್ಲ ನನ್ನ ಮಗಳ ವಯಸ್ಸಿನವರು. ಒಂದು ತಿಂಗಳಿನಿಂದ ನನ್ನ ಕಂಪ್ಯೂಟರ್ ಮಾತ್ರ ಪಾಠದ ನಡುವೆ ಆಫ್ ಆಗುತ್ತಿತ್ತು. ವಿಲ್ಲೆಮ್ ಮೇಷ್ಟ್ರು ವೈರ್ ಬದಲಿಸಿದರು, ಕೊನೆಗೆ ಬೇರೆ ಕಂಪ್ಯೂಟರನ್ನೇ ತಂದಿಟ್ಟರು. ಅದೂ ಆಫ್! ಮೇಷ್ಟ್ರಿಗೆ ಖುಷಿಯೋ ಖುಷಿ. "ಇದೇ ನಿನ್ನ ಪರೀಕ್ಷೆ, ಕಾರಣ ಹುಡುಕಿದ್ರೆ ಪಾಸ್" ಎಂದುಬಿಟ್ಟರು.

ಮೊನ್ನೆ ಸೋಮವಾರ ಪಕ್ಕದ ಹುಡುಗಿ ಫ್ಲೂರ್ ಫೋನಿನಲ್ಲಿ ನನ್ನ ವಿಡಿಯೊ ತೆಗೆದು ತೋರಿಸಿದಳು. ಮೇಜಿನ ಕೆಳಗಿರುವ ಕಂಪ್ಯೂಟರ್ ಡಬ್ಬಕ್ಕೆ ನನ್ನ ಕಾಲು ತಾಗುತ್ತದೆ. ತಕ್ಷಣ ಬಗ್ಗಿ, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇನೆ, ನನಗೇ ಗೊತ್ತಿಲ್ಲದ ಹಾಗೆ. ಮುಟ್ಟುವುದು ಸರಿಯಾಗಿ ಪವರ್ ಬಟನ್ನನ್ನೇ!

"ಯಾಕೆ ಹೀಗ್ ಮಾಡ್ತೀಯ?" ಎಂದಳು.

"ಕಾಲು ತಾಗಿದ್ರೆ ವಿದ್ಯೆ ಬರಲ್ಲ ಕಣೇ."

ಕಪ್ಪಾದ ಸ್ಕ್ರೀನ್ ತೋರಿಸಿ, "ಈಗ ಬಂತಾ?" ಎಂದಳು ಕಿಲಾಡಿ.

ಅಂದಹಾಗೆ, ನನ್ನ ಹಳೇ ಸೊಂಟನೋವು ಪೂರ್ತಿ ವಾಸಿ. ದಿನಕ್ಕೆ ಹತ್ತು ಸಲ ಬಗ್ಗಿದರೆ ಇನ್ನೇನು!

ವರದಿಯಲ್ಲಿ 'ದೋಷದ ಮೂಲ' ಎಂಬಲ್ಲಿ, "ನನ್ನ ಸೋದರತ್ತೆ, ಮೈಸೂರು. ಪುಸ್ತಕ ತುಳಿದರೆ ತಲೆಗೆ ಮೊಟಕುತ್ತಿದ್ದರು" ಎಂದು ಬರೆದೆ. ಪಾಸಾದೆ. ಮೇಷ್ಟ್ರು ಎಷ್ಟು ಹೇಳಿದರೂ ನನ್ನ ಕೈ ಕೇಳಲಿಲ್ಲ. ಸೋತು, ಡಬ್ಬವನ್ನೇ ಎತ್ತಿ ಮೇಜಿನ ಮೇಲಿಟ್ಟರು. ಇಡೀ ಕಾಲೇಜಿನಲ್ಲಿ ಯಾರ ಕಾಲೂ ತಾಗದ ಕಂಪ್ಯೂಟರ್ ಈಗ ಅದೊಂದೇ. ಗೆದ್ದಿರಿ ಬಿಡಿ.

ಕಾರ್ಡಿನಲ್ಲಿ ಜಾಗವಿಲ್ಲ.

ನಿಮ್ಮ ಮೊಟಕು ತಿಂದು ಬೆಳೆದ
ರೂಪಶ್ರೀ