ಬದುವಿನ ಕಡಿ ಯಾರು ನಿಂದ್ರಬೇಕು

ಆಗಸ್ಟ್ ೫, ಮಂಗಳವಾರ. ಮುಂಜಾನಿ ೫.೪೦

ಟಂಟಂ ಬಂತು. ಹಾಜರಿ ಹಾಕೀನಿ. ಹತ್ತು ಹೆಣ್ಮಕ್ಕಳು, ಹನ್ನೊಂದು ಬಾಯಿ. ನಂದೇ ಎರಡು.

ಕೆಂಭಾವಿ ಹತ್ರ ಸಂಗಣ್ಣ ಸಾವಕಾರ್ರ ಐದು ಎಕರೆ ನೆಲ್ಲು ನಾಟಿ. ಐತವಾರ ಸಂಜಿಗೆ ಕೆನಾಲ್ ನೀರು ಬಂದ್. ಅಷ್ಟರಾಗ ಮುಗಿಸಿದ್ರ ಅವರ ತಮ್ಮನ ಹತ್ತು ಎಕರೆನೂ ನಮಗ. ಇಲ್ಲಂದ್ರ ನಾಟಿ ಮಷೀನ್ ತರಸ್ತಾರಂತ. ಮಷೀನಿಗೆ ಚಾ ಬ್ಯಾಡ, ಎಲಿ-ಅಡಿಕಿ ಬ್ಯಾಡ, ನನ್ನ ಜೋಕೂ ಬ್ಯಾಡ. ಹತ್ತು ಮಂದಿ ಮನ್ಯಾಗ ಕುಂದ್ರಬೇಕು.

ಮೊನ್ನಿ ಶಹಾಪುರದಾಗ ಸಂಘದ ಟ್ರೇನಿಂಗಿಗೆ ಹೋಗಿದ್ದೆ. ಟೀಂ ನಡಸೋದು ಹೆಂಗ ಅಂತ. ಒಬ್ಬೊಬ್ಬರಿಗೂ ಟಾರ್ಗೆಟ್ ಕೊಡ್ರಿ, ಚಲೋ ಮಾಡಿದವರಿಗೆ ಪ್ರೈಜ್ ಕೊಡ್ರಿ ಅಂದ್ಲು ಮೇಡಂ. ಊಟ ಆದ ಮ್ಯಾಲ ಇನ್ನೂ ಏನೋ ಹೇಳೋದಿತ್ತು... ನಾ ಉಂಡು ಬಸ್ ಹತ್ತಿದೆ. ಸಾಲಿ ಕಲಿಯೋದೂ ಹಂಗೇ, ಐದನೇ ಕ್ಲಾಸಿಗೆ ಬಿಟ್ಟಾಕಿ ನಾ.

ಇಲ್ಲೀತನಕ ಎಲ್ಲಾರದೂ ಒಂದೇ ಸಾಲು. ಬಗ್ಗಿ ಸಸಿ ಹಚ್ಚಕೋತ ಹಿಂದ ಹಿಂದ ಸರಿಯೋದು. ಆ ಬದುವಿಗೆ ನಾ, ಈ ಬದುವಿಗೆ ನಜೀಮಾ. ಜಲ್ದಿ ಕೈಯವರು ಎರಡೂ ಕಡಿ ನಿಂತು ಸಾಲು ಎಳಿಬೇಕು. ದೇವಕ್ಕ ನಟ್ಟನಡುವ. ಆಕಿ ಸಾವಕಾಶ. ಒಂದೊಂದು ಸಸಿನೂ ಹೆಬ್ಬಟ್ಟಿಲೆ ಒತ್ತಿ, ಮಗಳಿಗೆ ಹೂ ಮುಡಿಸಿದಂಗ ಹಚ್ಚತಾಳ. ಆಕಿ ಹಿಂದ ಬಿದ್ರ ಆಜೂಬಾಜೂದವರು ಆಕಿ ಪಾಲಿಂದೂ ನಾಕು ಹಚ್ಚತಾರ.

ಇವತ್ತಿಂದ ಅದೆಲ್ಲ ಬಂದ್. ಹಗ್ಗ ಹಿಡದು ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ. ಫಸ್ಟ್ ಬಂದಾಕಿಗೆ ಸ್ಟೀಲ್ ಡಬ್ಬಿ.

ಅದೇ ದಿನ. ಸಂಜಿ ೬

ದಿನಕ್ಕ ಮುಕ್ಕಾಲು ಎಕರೆ ಆಗತಿತ್ತು. ಇವತ್ತು ಒಂದೂವರಿ! ನಜೀಮಾ ಡಬ್ಬಿ ಹೊಡದ್ಲು. ಆದ್ರ ದಿನಾ ಪೂರಾ ಯಾರೂ ಮಾತಾಡಲಿಲ್ಲ. ನನ್ನ ಜೋಕಿಗೆ ಗಿರಾಕಿನೇ ಇಲ್ಲ.

ಎಲ್ಲಾರದೂ ಮುಗದು ಬದುವಿನ ಮ್ಯಾಲ ಚಾ ಕುಡಿಯಾಕತ್ತಿದ್ವಿ. ದೇವಕ್ಕ ಒಬ್ಬಾಕಿನೇ ರಾಡ್ಯಾಗ, ಬಗ್ಗಿ. ನಾ ಅಂದೆ — "ದೇವಕ್ಕ, ನೀ ಮುಗಸೋದ್ರಾಗ ನಮ್ಮವು ತೆನಿ ಬಿಡ್ತಾವ. ಕೊಯ್ಕೊಂಡೇ ಮನಿಗೆ ಹೋಗೂಣೇನು?"

ಎಲ್ಲಾರೂ ನಕ್ಕರು. ಆಕಿ ಪಟ್ಟಿ ಮುಗಿಸಿದ್ಲು, ಕೆನಾಲಿನ್ಯಾಗ ಕೈ ತೊಳಕೊಂಡ್ಲು, ಚಾ ಒಲ್ಲೆ ಅಂದು ಟಂಟಂ ಹತ್ತಿ ಕುಂತ್ಲು. ದಾರಿ ಪೂರಾ ಹೊರಗ ನೋಡಕೋತ.

ಆಗಸ್ಟ್ ೭, ಗುರುವಾರ. ಮುಂಜಾನಿ ೭

ನಿನ್ನಿ ದೇವಕ್ಕ ಬರಲಿಲ್ಲ. ಮಣಕಾಲು ನೋವು ಅಂತ ಹೇಳಿ ಕಳಿಸಿದ್ಲು. ಒಂಬತ್ತು ಮಂದಿನೇ ಮತ್ತ ಒಂದೂವರಿ ಎಕರೆ ಹೊಡದ್ವಿ. ನಾ ಅಂತೂ ಹಾರಾಡಿದೆ.

ಇವತ್ತು ಬಂದು ನೋಡಿದ್ರ... ಸಾವಕಾರ್ರು ಗದ್ದಿಗೆ ನೀರು ಬಿಟ್ಟಾರ, ಸಸಿ ಎಲ್ಲಾ ಕಿತ್ಕೊಂಡು ತೇಲ್ಯಾವ. ಬದುವಿಗೆ ಗುಡ್ಡಿ ಬಿದ್ದಾವ. ಡಬ್ಬಿ ಆಸೆಕ್ಕ ಎಲ್ಲಾರೂ ಮ್ಯಾಲಮ್ಯಾಲ ಸಿಗಿಸಿ ಓಡೀವಿ. ನಂದೂ ತೇಲ್ಯಾವ. ನಂದೇ ಎಲ್ಲಾರಕಿಂತ ಮುಂದ, ಲೀಡರ್ ಅಲ್ಲೇನು.

ಒಂದು ಪಟ್ಟಿ ಮಾತ್ರ ನೆಟ್ಟಗ ನಿಂತದ.

"ಇದು ಯಾರದು, ಮಲ್ಲಕ್ಕ?" ಅಂದ್ರು ಸಾವಕಾರ್ರು.

"ದೇವಕ್ಕಂದ್ರಿ."

"ಆಕಿ ಎಲ್ಲದಾಳ?"

ಮಣಕಾಲು ನೋವ್ರಿ ಅಂತ ನಾಲಿಗಿ ತುದಿಗೆ ಬಂತು. ನುಂಗಿದೆ. "ನಾನೇ ಕಳಕೊಂಡೀನ್ರಿ."

"ಐತವಾರದ ತನಕ ನೋಡ್ತೀನಿ," ಅಂದು ಹೋದ್ರು. ಬೈದಿದ್ರ ಚಲೋ ಇತ್ತು.

ಅದೇ ದಿನ. ಸಂಜಿ ೭

ದಿನಾ ಪೂರಾ ಕಿತ್ತಿದ್ದು ಮತ್ತ ಹಚ್ಚಿದ್ವಿ. ಆಮ್ಯಾಲ ದೇವಕ್ಕನ ಮನಿಗೆ ಹೋಗಿ ಬಂದೆ. ಮೊರದಾಗ ಅಕ್ಕಿ ಹಸನ ಮಾಡಾಕತ್ತಿದ್ಲು. ತಲಿ ಎತ್ತಲಿಲ್ಲ.

"ಮಣಕಾಲು ಹೆಂಗದ, ಅಕ್ಕ?"

"ಮಣಕಾಲಿಗೇನಾಗ್ಯಾದ. ನಿನ್ನ ಬಾಯಿ ಹೆಂಗದ?"

"ಬಾತದ."

ನಗಲಿಲ್ಲ. ಸಸಿ ತೇಲಿದ್ದು ಹೇಳಿದೆ. ಕೈ ನಿಂತ್ವು.

"ಎಲ್ಲಾನೂ?"

"ನಿಂದೊಂದು ಬಿಟ್ಟು."

"ಪಾಪ," ಅಂದ್ಲು. ನನಗಲ್ಲ, ಸಸಿಗೆ.

ತಪ್ಪಾತು ಅಂದೆ. ಜೋಕ್ ಇಲ್ಲದ ಮಾತು... ಬಾಯಾಗ ಹರಳು ಇಟ್ಕೊಂಡಂಗಾತು. ಆಕಿ ಇನ್ನೊಂದು ಮೊರ ಅಕ್ಕಿ ಹಸನ ಮಾಡಿ ಆಮ್ಯಾಲ ಹೇಳಿದ್ಲು — "ಬರ್ತೀನಿ. ನಡುವ ನಿಂದ್ರಂಗಿಲ್ಲ. ಇಷ್ಟು ವರ್ಷ ನಿಂತೀನಿ, ಮಂದಿ ನನ್ನ ಪಾಲಿಂದು ಹಚ್ಚೋದು ನೋಡಕೋತ. ಬದುವಿನ ಕಡಿ ನಾ. ನನ್ನ ಜಾಗಾಕ್ಕ ನೀ."

ಬದು ಅಂದ್ರ ನನ್ನ ಜಾಗಾ. ಆಕಿ ಅಲ್ಲಿ ನಿಂತ್ರ ಸಾಲೆಲ್ಲ ಆಕಿ ನಡಿಗಿಗೆ ನಡೀತದ. ಐತವಾರ ಮುಗಿಯಂಗಿಲ್ಲ, ಬರೋಬ್ಬರಿ ಗೊತ್ತದ ನನಗ.

ಹೂಂ ಅಂದು ಬಂದೀನಿ.

ಆಗಸ್ಟ್ ೮, ಶುಕ್ರವಾರ. ಮಧ್ಯಾಹ್ನ, ಊಟ ಆದ ಮ್ಯಾಲ

ಹಗ್ಗ ಸುತ್ತಿ ಇಟ್ಟೀವಿ. ಮತ್ತ ಒಂದೇ ಸಾಲು. ದೇವಕ್ಕ ಬದುವಿಗೆ, ನಾ ನಡುವ. ಹೆಬ್ಬಟ್ಟಿಲೆ ಒತ್ತಾಕ ಹೋಗಿ ಮೂರು ಸಲ ಹಿಂದ ಬಿದ್ದೆ.

"ಚಿಗವ್ವ, ಕುಡಗೋಲು ತರ್ಲೇನು? ಕೊಯ್ಲಿಗೆ ಬೇಕಾಗ್ತದ," ಅಂತಾಳ ನಜೀಮಾ.

ಬಾಜೂಕ ನಿಂತ ರೇಣಮ್ಮ ನಕ್ಕೋತ ನನ್ನ ಪಾಲಿಂದು ನಾಕು ಹಚ್ಚಿದ್ಲು, ಕೇಳದೇ. ಇದು ಹಿಂಗ ಇರ್ತದಂತ ಗೊತ್ತಿದ್ದಿಲ್ಲ. ಸಮಾಧಾನನೂ ಆಗ್ತದ, ನಾಚಿಕಿನೂ ಆಗ್ತದ.

ನಜೀಮಾ ಪ್ರೈಜ್ ಡಬ್ಬ್ಯಾಗ ಪುಂಡಿಪಲ್ಯ ತಂದಿದ್ಲು, ಎಲ್ಲಾರಿಗೂ. ದೇವಕ್ಕ ಎರಡು ಸಲ ಹಾಕಸ್ಕೊಂಡ್ಲು.

ಆಗಸ್ಟ್ ೧೦, ಐತವಾರ. ಸಂಜಿ ೪.೩೦

ಮುಗಿದಿಲ್ಲ. ಎರಡು ಎಕರೆ ಉಳದದ. ಕೆನಾಲಿನ್ಯಾಗ ನೀರು ಇಳಿಯಾಕತ್ತದ.

ಮುಂಜಾನಿ ಅಂದೆ, "ಅಕ್ಕ, ಜರಾ ಜಲ್ದಿ."

"ಜಲ್ದಿ ಮಾಡಿದ್ದು ನೋಡೀವಲ್ಲ."

ಈಗ ಸಾವಕಾರ್ರು ಬಂದ್ರು. ಧೋತ್ರ ಎತ್ತಿ ಕಟ್ಟಿ ಗದ್ದಿಗಿಳಿದ್ರು. ಬದುವಿನ ಹತ್ರ ಒಂದು ಸಸಿ ಎರಡು ಬೆರಳಿಲೆ ಹಿಡದು ಜಗ್ಗಿದ್ರು. ಬರಲಿಲ್ಲ. ನಡುವ ಬಂದು ಇನ್ನೊಂದು ಜಗ್ಗಿದ್ರು. ಅದು ನಾ ಹಚ್ಚಿದ್ದು. ಅದೂ ಬರಲಿಲ್ಲ.

"ಉಳದದ್ದಕ್ಕ ಬೋರಿನ ನೀರು ಹಾಯಸ್ತೀನಿ. ತಮ್ಮನ ಗದ್ದಿಗೂ ನೀವೇ ಬರ್ರಿ," ಅಂದ್ರು. ಕಾಲು ತೊಳಕೋತ, "ಸಾಲು ಹಿಂಗೇ ಇರ್ಲಿ."

ಎಲ್ಲಾರೂ ದೇವಕ್ಕನ್ನ ನೋಡಿದ್ರು. ಆಕಿ ಸಸಿ ಕಟ್ಟು ಬಿಚ್ಚಾಕತ್ತಿದ್ಲು, ಏನೂ ಕೇಳಿಲ್ಲ ಅನ್ನೋಹಂಗ. ಕಿವಿ ಮಾತ್ರ ಕೆಂಪಾಗಿದ್ವು.

ಎಲಿ-ಅಡಿಕಿಗೆ ಬಿಟ್ಟಾಗ ಇಷ್ಟು ಬರದೆ. ಎಲ್ಲಾರೂ ಇಳಿದಾರ. ಬದುವಿನ ಕಡಿಯಿಂದ ದೇವಕ್ಕ ಒದರಾಕತ್ತಾಳ — "ಏ ಮಲ್ಲಿ, ನಡುವ ಹಲ್ಲು ಬಿದ್ದ ಬಾಯಿ ಆಗ್ಯಾದ ಸಾಲು. ಬರ್ತಿಯೋ, ಸಾವಕಾರ್ರಿಗೆ ಮಷೀನ್ ತರ್ಸು ಅಂತ ಹೇಳ್ಲೋ?"

ಒಂಬತ್ತೂ ಮಂದಿ ನಗಾಕತ್ತಾರ. ಬಂದೆ ಅಕ್ಕ, ಬಂದೆ, ಇದೊಂದು ಬರ್ದು...